ಮೂಳೆ ಫೈಲು, ಹಾರ್ಟ್ ಫೈಲು: ಎರಡನ್ನೂ ಒಂದೇ ಹಾಳೆಗೆ ತರುವುದು ಹೇಗೆ?

ಅರವತ್ತು ದಾಟಿದವರ ಬೆನ್ನಿನ ಎಕ್ಸ್‌ರೇ ಮನೆಯಲ್ಲಿದ್ದರೆ, ಪಕ್ಕದಿಂದ ತೆಗೆದ ಫಿಲ್ಮನ್ನು ಹುಡುಕಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆನ್ನುಮೂಳೆಯ ಬಿಲ್ಲೆಗಳು ಇಟ್ಟಿಗೆ ಪೇರಿಸಿದ ಹಾಗೆ ಒಂದರ ಮೇಲೊಂದು ಕಾಣುತ್ತವೆ. ಗಟ್ಟಿ ಬಿಲ್ಲೆ ಬೆಳ್ಳಗಿರುತ್ತದೆ. ಸವೆದ ಬಿಲ್ಲೆಯ ನಡುಭಾಗ ಮಸುಕಾಗಿ, ಅಂಚು ಮಾತ್ರ ಪೆನ್ಸಿಲಿನಲ್ಲಿ ಗೆರೆ ಎಳೆದಂತೆ ಉಳಿದಿರುತ್ತದೆ. ಈಗ ಬಿಲ್ಲೆಗಳ ಮುಂದೆ, ಹೊಟ್ಟೆಯ ಕಡೆಗೆ ನೋಡಿ. ಕೆಲವರಲ್ಲಿ ಅಲ್ಲಿ ಸುಣ್ಣದ ಗೀರಿನಂಥ ಬಿಳಿ ಗೆರೆಗಳು ಇಳಿದಿರುತ್ತವೆ. ಅದು ಮೂಳೆಯಲ್ಲ, ಹೃದಯದಿಂದ ಹೊರಟು ಹೊಟ್ಟೆಯೊಳಗೆ ಇಳಿಯುವ ಮಹಾಪಧಮನಿಯ ಗೋಡೆ. ಕ್ಯಾಲ್ಸಿಯಂ ಇರಬೇಕಾದ ಕಡೆ ಕಮ್ಮಿಯಾಗಿದೆ, ಇರಬಾರದ ಕಡೆ ಕೂತಿದೆ.

ಒಂದೇ ಫಿಲ್ಮಿನಲ್ಲಿ ಎರಡು ಕಾಯಿಲೆಗಳ ಸುಳಿವಿದ್ದರೂ ನಮ್ಮೂರಿನಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಜಯನಗರದ ಮೂಳೆ ಡಾಕ್ಟರು ಬಿಲ್ಲೆ ನೋಡಿ ಕ್ಯಾಲ್ಸಿಯಂ ಬರೆಯುತ್ತಾರೆ, ಮಲ್ಲೇಶ್ವರದ ಹಾರ್ಟ್ ಡಾಕ್ಟರು ಇಸಿಜಿ ನೋಡಿ ಬಿಪಿ ಮಾತ್ರೆ ಬರೆಯುತ್ತಾರೆ, ಥೈರಾಯ್ಡ್ ಮಾತ್ರೆ ಇನ್ನೆಲ್ಲಿಂದಲೋ ಹತ್ತು ವರ್ಷದಿಂದ ನಡೆದುಬಂದಿರುತ್ತದೆ. ಮೂರು ಪ್ಲಾಸ್ಟಿಕ್ ಕವರು, ಒಬ್ಬರೇ ರೋಗಿ. ಈ ಮೂರನ್ನೂ ಒಂದು ಹಾಳೆಗೆ ತಂದು, ಆ ಹಾಳೆ ಹಿಡಿದು ಏನೇನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಪ್ರಶ್ನೆ ಬರೆದುಕೊಂಡು ಹೋಗಿ ಕೇಳಿ.

ನಂಟು ಎಲ್ಲಿದೆ

ಮೂಳೆಯಿಂದ ಕರಗಿದ ಕ್ಯಾಲ್ಸಿಯಂ ಸೀದಾ ಹೋಗಿ ರಕ್ತನಾಳಕ್ಕೆ ಅಂಟಿಕೊಳ್ಳುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ವಿಷಯ ಅಷ್ಟು ಸರಳವಲ್ಲ. ರಕ್ತನಾಳದ ಗೋಡೆಯ ಸ್ನಾಯು ಕೋಶಗಳು ಉರಿಯೂತ, ಸಕ್ಕರೆ ಕಾಯಿಲೆ, ಕಿಡ್ನಿ ಕೆಟ್ಟಾಗ ಏರುವ ರಂಜಕ ಇವುಗಳ ಹೊಡೆತಕ್ಕೆ ಸಿಕ್ಕಿ ತಮ್ಮ ಕೆಲಸ ಬಿಟ್ಟು ಮೂಳೆ ಕಟ್ಟುವ ಕೋಶಗಳಂತೆ ನಡೆದುಕೊಳ್ಳಲು ಶುರುಮಾಡುತ್ತವೆ. ಮೂಳೆಯ ಸವೆತವನ್ನು ತಡೆಯುವ ಆಸ್ಟಿಯೋಪ್ರೋಟೆಜೆರಿನ್ ಎಂಬ ಪ್ರೋಟೀನ್ ಇಲ್ಲದಂತೆ ಹುಟ್ಟಿಸಿದ ಇಲಿಗಳ ಬಗ್ಗೆ 1998ರಲ್ಲಿ ವರದಿ ಬಂತು: ಅವುಗಳ ಮೂಳೆ ಟೊಳ್ಳಾಗಿತ್ತು, ಜೊತೆಗೆ ಮಹಾಪಧಮನಿಯಲ್ಲಿ ಕ್ಯಾಲ್ಸಿಯಂ ಕಟ್ಟಿತ್ತು. ಕೆಟ್ಟದ್ದು ಒಂದೇ ಸ್ವಿಚ್ಚು, ಆರಿದ್ದು ಎರಡು ದೀಪ.

ಮನುಷ್ಯರಲ್ಲಿ ಈಸ್ಟ್ರೋಜೆನ್ ಕೂಡ ಅಂಥದೇ ಒಂದು ಸ್ವಿಚ್ಚು. ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ, ಕೊಲೆಸ್ಟ್ರಾಲು ಬಿಪಿಗಳೂ ಅದೇ ಹೊತ್ತಿನಲ್ಲಿ ಏರತೊಡಗುತ್ತವೆ. ಸಿಗರೇಟು, ಬಹುಕಾಲದ ಸ್ಟೀರಾಯ್ಡ್, ಸಕ್ಕರೆ ಕಾಯಿಲೆ, ಕೂತಲ್ಲೇ ಕೂರುವುದು, ಇವೆಲ್ಲ ಎರಡೂ ಕಡೆ ಕಡಿಯುವ ಹಲ್ಲುಗಳು. ಸ್ವೀಡನ್ನಿನ ಅವಳಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಹೃದಯ ವೈಫಲ್ಯ ಅಥವಾ ಪಾರ್ಶ್ವವಾಯು ಆದವರಿಗೆ ಮುಂದೆ ತೊಡೆಸಂಧಿಯ ಮೂಳೆ ಮುರಿಯುವ ಸಾಧ್ಯತೆ ಬಹಳ ಹೆಚ್ಚಿತ್ತು. ಅದಕ್ಕಿಂತ ಕುತೂಹಲದ್ದು ಇನ್ನೊಂದು: ಕಾಯಿಲೆಯೇ ಇಲ್ಲದ ಅವರ ಜೊತೆ ಅವಳಿಗೂ ಅಪಾಯ ಹೆಚ್ಚಿತ್ತು. ಅಂದರೆ ನಂಟು ಸ್ವಲ್ಪಮಟ್ಟಿಗೆ ಹುಟ್ಟಿನಲ್ಲೇ ಇದೆ.

ಇದರಿಂದ ನಮಗೆ ಬೇಕಾದದ್ದು ಇಷ್ಟು. ಒಂದು ಸಿಕ್ಕಿದರೆ ಇನ್ನೊಂದನ್ನು ಹುಡುಕಿ. ಸ್ಟೆಂಟ್ ಹಾಕಿಸಿಕೊಂಡ ಅಪ್ಪನ ಮೂಳೆಯನ್ನೂ, ಮಣಿಕಟ್ಟು ಮುರಿದುಕೊಂಡ ಅಮ್ಮನ ಬಿಪಿ, ಶುಗರ್, ಕೊಲೆಸ್ಟ್ರಾಲನ್ನೂ ನೋಡಿಸಿ.

ಮೊದಲ ಹೆಜ್ಜೆ: ಹಾಳೆ ತಯಾರು ಮಾಡಿ

ಎ4 ಹಾಳೆ ಒಂದು ಸಾಕು. ಮೇಲ್ಗಡೆ ವಯಸ್ಸು, ತೂಕ, ಎತ್ತರ, ಹೆಂಗಸರಾದರೆ ಮುಟ್ಟು ನಿಂತ ವಯಸ್ಸು. 45ಕ್ಕಿಂತ ಮುಂಚೆ ನಿಂತಿದ್ದರೆ, ಅಥವಾ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದರೆ, ಅದಕ್ಕೆ ಕೆಂಪು ಗೆರೆ ಎಳೆಯಿರಿ. ಆಮೇಲೆ: ನಿಂತ ಎತ್ತರದಿಂದ ಬಿದ್ದು ಮುರಿದ ಮೂಳೆ ಯಾವುದು, ಯಾವ ವರ್ಷ, ಅಪ್ಪ ಅಮ್ಮನಿಗೆ ತೊಡೆಸಂಧಿ ಮುರಿದಿತ್ತೇ, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡನ್ನು ದಿನಕ್ಕೆ 5 ಮಿಗ್ರಾಂ ಅಥವಾ ಹೆಚ್ಚಿನಂತೆ ಮೂರು ತಿಂಗಳು ನುಂಗಿದ್ದುಂಟೇ, ಹೃದಯಾಘಾತ, ಪಾರ್ಶ್ವವಾಯು, ಸ್ಟೆಂಟ್ ಆಗಿದ್ದರೆ ತಿಂಗಳು ಮತ್ತು ವರ್ಷ. ಆ ತಿಂಗಳು ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ. ಕೆಳಗಡೆ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು, ಹೊತ್ತಿನ ಸಮೇತ. ಗ್ಯಾಸ್ಟ್ರಿಕ್ ಮಾತ್ರೆ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಕ್ಯಾಲ್ಸಿಯಂ, ಆನ್‌ಲೈನಿನ ಪುಡಿ ಡಬ್ಬ, ಎಲ್ಲವನ್ನೂ ಬರೆಯಿರಿ. "ಅದು ಬರೀ ಶಕ್ತಿ ಮಾತ್ರೆ" ಎಂದು ಬಿಡುವ ಮಾತ್ರೆಯೇ ಎಷ್ಟೋ ಸಲ ತೊಂದರೆ ಕೊಡುವುದು.

ಎತ್ತರವನ್ನು ಊಹಿಸಿ ಬರೆಯಬೇಡಿ, ಅಳೆಯಿರಿ. ಬೆಳಗ್ಗೆ, ಬರಿಗಾಲಲ್ಲಿ, ಸ್ಕರ್ಟಿಂಗ್ ಟೈಲು ಇಲ್ಲದ ಗೋಡೆಗೆ ಹಿಮ್ಮಡಿ, ಪೃಷ್ಠ, ಬೆನ್ನು ತಾಗುವಂತೆ ನಿಲ್ಲಿಸಿ. ತುರುಬು ಬಿಚ್ಚಿಸಿ. ನೋಟ ನೇರವಾಗಿರಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಚೌಕವಾಗಿ ಒತ್ತಿ ನೆತ್ತಿಗೆ ತಾಗಿಸಿ, ಗುರುತು ಹಾಕಿ, ಟೇಪು ಹಿಡಿಯಿರಿ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಇಳಿದಿದ್ದರೆ, ಅಥವಾ ಒಂದೆರಡು ವರ್ಷದಲ್ಲಿ 2 ಸೆಂ.ಮೀ. ಇಳಿದಿದ್ದರೆ, ಬೆನ್ನಿನ ಬಿಲ್ಲೆ ಕುಸಿದಿರಬಹುದು. ಹೀಗೆ ಕುಸಿದ ಬಿಲ್ಲೆಗಳಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬರುವುದಿಲ್ಲ. ವಯಸ್ಸಾಯಿತು, ಗೂನು ಬಂತು ಎಂದುಕೊಂಡು ಸುಮ್ಮನಾಗುತ್ತೇವೆ. ಇನ್ನೊಂದು ಸುಳಿವು: ಗೋಡೆಗೆ ಹಿಮ್ಮಡಿ ಊರಿ ನಿಂತಾಗ ತಲೆಯ ಹಿಂಭಾಗ ಗೋಡೆಗೆ ತಾಗುತ್ತಿಲ್ಲವೇ? ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಎರಡು ಬೆರಳು ಹಿಡಿಸುತ್ತಿಲ್ಲವೇ? ಪಕ್ಕದಿಂದ ಒಂದು ಬೆನ್ನಿನ ಎಕ್ಸ್‌ರೇ ಬೇಕು.

ಡೆಕ್ಸಾ ಸ್ಕ್ಯಾನು, ಮತ್ತು ಪಾರ್ಕಿನ ಬಾಗಿಲ ಫ್ರೀ ಕ್ಯಾಂಪು

ಭಾನುವಾರ ಬೆಳಗ್ಗೆ ಅಪಾರ್ಟ್‌ಮೆಂಟಿನಲ್ಲೋ ಪಾರ್ಕಿನ ಬಳಿಯೋ ಮೇಜು ಹಾಕಿ, ಹಿಮ್ಮಡಿಯನ್ನು ಸಣ್ಣ ಯಂತ್ರದಲ್ಲಿಟ್ಟು ಎರಡು ನಿಮಿಷದಲ್ಲಿ "ಟಿ-ಸ್ಕೋರ್ ಮೈನಸ್ 2.8" ಎಂದು ಚೀಟಿ ಕೊಡುತ್ತಾರಲ್ಲ, ಅದು ಅಲ್ಟ್ರಾಸೌಂಡ್. ಟಿ-ಸ್ಕೋರ್ ಎಂದರೆ ಆರೋಗ್ಯವಂತ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ ಹೆಚ್ಚಿದಷ್ಟೂ ಮೂಳೆ ತೆಳು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಸವೆತದ ಕಾಯಿಲೆ) ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹೇಳಿದ ಗೆರೆ, ಎಕ್ಸ್‌ರೇಯಿಂದ ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಯಂತ್ರದ ಅಳತೆಗೆ ಸಂಬಂಧಿಸಿದ್ದು, ಹಿಮ್ಮಡಿ ಯಂತ್ರಕ್ಕೆ ಹೊಂದುವುದಿಲ್ಲ. ಆ ಚೀಟಿ ನೋಡಿ ಮಾತ್ರೆ ಶುರುಮಾಡಬೇಡಿ. ಪಕ್ಕದ ಮೇಜಿನ ಪುಡಿ ಡಬ್ಬವನ್ನಂತೂ ಕೊಳ್ಳಲೇಬೇಡಿ.

ಡೆಕ್ಸಾ ದೊಡ್ಡ ಆಸ್ಪತ್ರೆಗಳಲ್ಲೂ ದೊಡ್ಡ ಡಯಾಗ್ನೋಸ್ಟಿಕ್ ಸೆಂಟರುಗಳಲ್ಲೂ ಸಿಗುತ್ತದೆ. ಮಲಗಿದಲ್ಲೇ ಹತ್ತು ಹದಿನೈದು ನಿಮಿಷ. ವಿಕಿರಣ ತೀರಾ ಕಡಿಮೆ. ಫೋನಿನಲ್ಲೇ ಕೇಳಿ: "ಸೊಂಟದ ಬೆನ್ನುಮೂಳೆ ಮತ್ತು ತೊಡೆಸಂಧಿ ಎರಡನ್ನೂ ಮಾಡುತ್ತೀರಾ? ಅದೇ ಸಲ ಬೆನ್ನನ್ನು ಪಕ್ಕದಿಂದಲೂ ತೆಗೆಯುವ ಸೌಲಭ್ಯ ಇದೆಯಾ?" ಪಕ್ಕದ ಚಿತ್ರದಲ್ಲಿ ಕುಸಿದ ಬಿಲ್ಲೆಯೂ ಮಹಾಪಧಮನಿಯ ಕ್ಯಾಲ್ಸಿಯಮ್ಮೂ ಒಟ್ಟಿಗೆ ಕಾಣುತ್ತವೆ. ಆ ಕ್ಯಾಲ್ಸಿಯಮ್ಮನ್ನು 24 ಅಂಕಗಳ ಪಟ್ಟಿಯಲ್ಲಿ ಎಣಿಸುವ ಪದ್ಧತಿಯೂ ಇದೆ. ಸ್ಕ್ಯಾನಿನ ಹಿಂದಿನ 24 ಗಂಟೆ ಕ್ಯಾಲ್ಸಿಯಂ ಮಾತ್ರೆ ಬೇಡ, ಕರಗದೆ ಹೊಟ್ಟೆಯಲ್ಲಿ ಉಳಿದದ್ದು ಮೂಳೆಯಂತೆ ಕಾಣುತ್ತದೆ. ಬೇರಿಯಂ ಕುಡಿದ ಅಥವಾ ಕಾಂಟ್ರಾಸ್ಟ್ ಹಾಕಿದ ಸ್ಕ್ಯಾನ್ ಇತ್ತೀಚೆಗೆ ಆಗಿದ್ದರೆ ಮೊದಲೇ ತಿಳಿಸಿ, ಒಂದೆರಡು ವಾರ ಬಿಟ್ಟು ಹೋಗಿ. ಸೀರೆಯ ಪಿನ್ನು, ಲಂಗದ ಹುಕ್ಕು, ಬೆಳ್ಳಿ ಉಡಿದಾರ, ಹೊಟ್ಟೆಯವರೆಗೆ ಇಳಿಯುವ ಮಾಂಗಲ್ಯ ಸರ, ಜೇಬಿನ ಚಿಲ್ಲರೆ ಇವೆಲ್ಲ ಲೆಕ್ಕ ಕೆಡಿಸುತ್ತವೆ. ಸರ ತೆಗೆಯಲು ಮನಸ್ಸಿಲ್ಲದಿದ್ದರೆ ಹೆಗಲ ಹಿಂದಕ್ಕೆ ಸರಿಸಿದರೂ ಆದೀತು.

ರಿಪೋರ್ಟು ಬಂದಾಗ ದಪ್ಪಕ್ಷರದ ಒಂದು ಸಂಖ್ಯೆ ನೋಡಿ ಮಡಚಿಡಬೇಡಿ. ಎಲ್1ರಿಂದ ಎಲ್4ರವರೆಗೆ ನಾಲ್ಕು ಬಿಲ್ಲೆಗಳ ಸ್ಕೋರು ಬೇರೆಬೇರೆ ಇರುತ್ತದೆ. ಉದಾಹರಣೆಗೆ ಎಲ್1 ಮೈನಸ್ 2.6, ಎಲ್2 ಮೈನಸ್ 2.4, ಎಲ್3 ಮೈನಸ್ 0.7, ಎಲ್4 ಮೈನಸ್ 0.5 ಎಂದಿದೆ ಎನ್ನಿ. ಕೆಳಗಿನ ಎರಡು ನಿಜಕ್ಕೂ ಗಟ್ಟಿಯಾಗಿವೆ ಎಂದಲ್ಲ. ಅಲ್ಲಿ ಸವಕಲಿನಿಂದ ಬೆಳೆದ ಮೂಳೆಯ ಮುಳ್ಳುಗಳೋ, ಬಿಲ್ಲೆಯೇ ಕುಸಿದು ಒತ್ತಾದದ್ದೋ ಇರಬಹುದು. ಬಿಲ್ಲೆಯ ಮುಂದೆಯೇ ಇರುವ ಮಹಾಪಧಮನಿಯ ಕ್ಯಾಲ್ಸಿಯಮ್ಮೂ ಯಂತ್ರದ ಲೆಕ್ಕಕ್ಕೆ ಒಂದಿಷ್ಟು ಸೇರಿಕೊಳ್ಳುತ್ತದೆ. ಪಕ್ಕದ ಬಿಲ್ಲೆಗಿಂತ ಒಂದು ಅಂಕಕ್ಕೂ ಹೆಚ್ಚು ವ್ಯತ್ಯಾಸವಿರುವುದನ್ನು ಬಿಟ್ಟು ಲೆಕ್ಕ ಹಾಕುವುದು ರೂಢಿ. ಹಾಗೆ ಮಾಡದಿದ್ದರೆ ಸರಾಸರಿ ಸುಳ್ಳು ಸಮಾಧಾನ ಕೊಡುತ್ತದೆ. ಹೃದ್ರೋಗ ಇರುವವರಲ್ಲಿ, ವಯಸ್ಸಾದವರಲ್ಲಿ ತೊಡೆಸಂಧಿಯ ಸ್ಕೋರನ್ನೇ ಹೆಚ್ಚು ನಂಬಿ. ಮತ್ತೆ ಮಾಡಿಸುವಾಗ ಅದೇ ಸೆಂಟರಿಗೆ, ಅದೇ ಯಂತ್ರಕ್ಕೆ ಹೋಗಿ. ಶೇ. 3ರ ಆಚೀಚಿನ ಏರಿಳಿತ ಅಳತೆಯ ತಪ್ಪೂ ಆಗಿರಬಹುದು, ಆರು ತಿಂಗಳಿಗೊಮ್ಮೆ ಓಡಬೇಕಿಲ್ಲ.

ಟಿ-ಸ್ಕೋರ್ ಮೈನಸ್ 1ರಿಂದ ಮೈನಸ್ 2.5ರ ನಡುವೆ ಸಿಕ್ಕಿಬಿದ್ದವರು ಫ್ರಾಕ್ಸ್ ಲೆಕ್ಕ ಹಾಕಿಸಿ. ಇಂಟರ್ನೆಟ್ಟಿನಲ್ಲಿ ಉಚಿತ, ಭಾರತದ ಆಯ್ಕೆಯೂ ಇದೆ. ಹತ್ತು ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆಯನ್ನು ಹೇಳುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅದು ಅಪಾಯವನ್ನು ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ಅವರ ಮೂಳೆ ಸ್ಕ್ಯಾನಿನಲ್ಲಿ ದಪ್ಪಗೆ ಕಂಡರೂ ಗುಣದಲ್ಲಿ ಸೊರಗಿರುತ್ತದೆ.

ರಕ್ತಪರೀಕ್ಷೆಗೆ ಒಮ್ಮೆಯೇ ಕೈ ಕೊಟ್ಟು ಎರಡೂ ಕಡೆಯದನ್ನು ಮಾಡಿಸಿಬಿಡಿ: ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಟಿಎಸ್‌ಎಚ್, ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್, ಸಿಬಿಸಿ. ಕ್ಯಾಲ್ಸಿಯಂ ಜಾಸ್ತಿ ಬಂದರೆ ಖುಷಿಪಡಬೇಡಿ. ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದ ಕಿತ್ತು ರಕ್ತಕ್ಕೆ ಸುರಿಯುತ್ತಿರಬಹುದು. ಆ ಗ್ರಂಥಿಯ ಹಾರ್ಮೋನು ಅಳೆಯುವ ಪಿಟಿಎಚ್ ಪರೀಕ್ಷೆ ಬೇಕು. ಹೃದಯದ ರಕ್ತನಾಳದ ಕ್ಯಾಲ್ಸಿಯಂ ಎಣಿಸುವ ಸಿಟಿ ಸ್ಕ್ಯಾನು ಎಲ್ಲರಿಗೂ ಬೇಡ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಶುರುಮಾಡಬೇಕೋ ಬೇಡವೋ ಎಂಬ ಅನುಮಾನದ ನಡುವೆ ಇರುವವರಿಗೆ ಅದು ದಾರಿ ತೋರಿಸುತ್ತದೆ. ಸ್ಟೆಂಟ್ ಆದವರಿಗೆ ಅದರಿಂದ ಹೊಸದೇನೂ ಗೊತ್ತಾಗುವುದಿಲ್ಲ.

ಕ್ಯಾಲ್ಸಿಯಂ: ಮೊದಲು ಪಾತ್ರೆ, ಆಮೇಲೆ ಮಾತ್ರೆ

ಜಗಳವೆಲ್ಲ ಇರುವುದು ಇಲ್ಲಿ. ಕ್ಯಾಲ್ಸಿಯಂ ಮಾತ್ರೆ ನುಂಗಿದವರಲ್ಲಿ ಹೃದಯಾಘಾತ ಸುಮಾರು ಶೇ. 30ರಷ್ಟು ಹೆಚ್ಚು ಎಂದು 2010ರಲ್ಲಿ ಒಂದು ವಿಶ್ಲೇಷಣೆ ಹೇಳಿತು. ಆಹಾರ ಮತ್ತು ಮಾತ್ರೆ ಸೇರಿ ದಿನಕ್ಕೆ 2000-2500 ಮಿಗ್ರಾಂ ದಾಟದಿದ್ದರೆ ಹೃದಯಕ್ಕೆ ತೊಂದರೆಯಿಲ್ಲ ಎಂದು 2016ರಲ್ಲಿ ಅಮೆರಿಕದ ಎರಡು ತಜ್ಞ ಸಂಘಗಳು ಹೇಳಿದವು. ವಾದ ಇನ್ನೂ ಮುಗಿದಿಲ್ಲ. ಆದರೆ ಎರಡೂ ಬಣಗಳು ಒಪ್ಪುವ ಮಾತೊಂದಿದೆ, ಊಟದಿಂದ ಬಂದ ಕ್ಯಾಲ್ಸಿಯಮ್ಮಿನ ಮೇಲೆ ಯಾರಿಗೂ ದೂರಿಲ್ಲ. ಊಟದ ಕ್ಯಾಲ್ಸಿಯಂ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಮಾತ್ರೆಯದು ಒಮ್ಮೆಲೇ ಏರುತ್ತದೆ. ಹಾಗಾಗಿ ನಮ್ಮ ಸಲಹೆ: ಊಟದ ಲೆಕ್ಕ ಮೊದಲು, ಕೊರತೆ ಎಷ್ಟೋ ಅಷ್ಟಕ್ಕೆ ಮಾತ್ರ ಮಾತ್ರೆ.

ದಿನಕ್ಕೆ ಬೇಕಾದದ್ದು ದೊಡ್ಡವರಿಗೆ 1000 ಮಿಗ್ರಾಂ, ಮುಟ್ಟು ನಿಂತವರಿಗೆ 1200. ಎರಡು ಮನೆಗಳ ಊಟ ನೋಡೋಣ. ಒಂದು ಮನೆಯಲ್ಲಿ ಮಧ್ಯಾಹ್ನ ಒಂದು ಮುದ್ದೆ. ಅದಕ್ಕೆ 75 ಗ್ರಾಂ ರಾಗಿ ಹಿಟ್ಟು ಹಿಡಿದರೆ ಸುಮಾರು 260 ಮಿಗ್ರಾಂ. ಜೊತೆಗೆ 40 ಗ್ರಾಂ ಹುರಳಿಕಾಳಿನ ಸಾರು, 100. ಕಾಫಿ ಮತ್ತು ರಾತ್ರಿಯ ಲೋಟ ಸೇರಿ 300 ಮಿಲಿ ಹಾಲು, 350. ಒಂದು ಬಟ್ಟಲು ಮೊಸರು, 180. ಒಂದು ಹಿಡಿ ನುಗ್ಗೆಸೊಪ್ಪಿನ ಪಲ್ಯ, 150. ಸಾವಿರ ದಾಟಿತು. ಇನ್ನೊಂದು ಮನೆಯಲ್ಲಿ ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ, ಎರಡು ಅರ್ಧ ಲೋಟ ಕಾಫಿ, ಒಂದು ಬಟ್ಟಲು ಮೊಸರು. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನಬಹುದು. ಒಟ್ಟು 450ರ ಆಸುಪಾಸಿಗೆ ನಿಲ್ಲುತ್ತದೆ. ಮೊದಲ ಮನೆಯವರಿಗೆ ಮಾತ್ರೆಯೇ ಬೇಡದಿರಬಹುದು, ಎರಡನೆಯವರಿಗೆ ಒಂದು ಬೇಕಾಗಬಹುದು. ಬರೆಯುವಾಗ ಮಾತ್ರ ಇಬ್ಬರಿಗೂ "ದಿನಕ್ಕೆ ಎರಡು" ಎಂದೇ ಬರೆದಿರುತ್ತದೆ.

ಪಾಲಕ್, ದಂಟು, ಹರಿವೆಯಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ದಕ್ಕುವುದು ಕಮ್ಮಿ. ಸಿಪ್ಪೆ ಸಹಿತದ ಎಳ್ಳಿನ ಕತೆಯೂ ಸ್ವಲ್ಪ ಹಾಗೆಯೇ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿಸಿದರೆ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವ ಫೈಟೇಟ್ ಇಳಿಯುತ್ತದೆ. ಶುಗರ್ ಇರುವವರು ಮುದ್ದೆಯೂ ಹಿಟ್ಟೇ ಎಂಬುದನ್ನು ಮರೆಯದೆ ಗಾತ್ರ ಇಳಿಸಿಕೊಳ್ಳಿ. ಬೋರ್‌ವೆಲ್ಲಿನ ಗಡಸು ನೀರು ಕುಡಿದರೆ ರಕ್ತನಾಳ ಗಟ್ಟಿಯಾಗುತ್ತದೆ ಎಂದು ಹೆದರುವವರಿದ್ದಾರೆ. ಹೆದರಬೇಕಿಲ್ಲ, ಅದರ ಕ್ಯಾಲ್ಸಿಯಂ ಮೈಗೆ ಹತ್ತುವಂಥದೇ. ಆರ್‌ಒ ಯಂತ್ರ ಅದನ್ನು ಸೋಸಿ ಚರಂಡಿಗೆ ಬಿಡುತ್ತದೆ. ಫಿಲ್ಟರ್ ಕಾಫಿಯ ಮೇಲಿನ ಆರೋಪವೂ ಸಣ್ಣದು, ಕಾಫಿ ಕಳೆಯುವಷ್ಟನ್ನು ಅದರೊಳಗಿನ ಹಾಲೇ ತುಂಬಿಕೊಡುತ್ತದೆ.

ಮಾತ್ರೆ ಬೇಕೇಬೇಕಾದಾಗ ಮಾತ್ರೆ ಸ್ಟ್ರಿಪ್ಪಿನ ಹಿಂಭಾಗವನ್ನು ಓದಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಗ್ರಾಂ ಎಂದಿದ್ದರೆ ಒಳಗಿರುವ ನಿಜವಾದ ಕ್ಯಾಲ್ಸಿಯಂ 500. ಸಿಟ್ರೇಟ್ ಆದರೆ 1000 ಮಿಗ್ರಾಂನಲ್ಲಿ ಸುಮಾರು 210 ಮಾತ್ರ. ಒಂದು ಹೊತ್ತಿಗೆ 500ಕ್ಕಿಂತ ಹೆಚ್ಚು ನುಂಗಿದರೆ ಹೀರಿಕೊಳ್ಳುವ ಪಾಲು ಇಳಿಯುತ್ತದೆ. ಕಾರ್ಬೊನೇಟ್ ಕರಗಲು ಹೊಟ್ಟೆಯ ಹುಳಿ ಬೇಕು, ಆದ್ದರಿಂದ ಊಟದ ಜೊತೆಗೇ ನುಂಗಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ದಿನಾ ನುಂಗುವವರಿಗೆ ಆ ಹುಳಿ ತೀರಾ ಕಮ್ಮಿಯಿರುತ್ತದೆ. ಅವರು ಸಿಟ್ರೇಟ್ ಕೇಳಲಿ. ಗ್ಯಾಸ್ಟ್ರಿಕ್ ಮಾತ್ರೆ ವರ್ಷಗಟ್ಟಲೆ ಯಾಕೆ ಬೇಕು ಎಂಬುದನ್ನೂ ಕೇಳಲಿ, ಅದನ್ನು ಬಹುಕಾಲ ನುಂಗುವವರಲ್ಲಿ ಮೂಳೆ ಮುರಿತ ಸ್ವಲ್ಪ ಹೆಚ್ಚೆಂದು ಅಧ್ಯಯನಗಳಲ್ಲಿ ಕಂಡಿದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಹೊಟ್ಟೆಯ ರಕ್ಷಣೆಗೆಂದು ಹಾರ್ಟ್ ಡಾಕ್ಟರೇ ಕೊಟ್ಟಿದ್ದರೆ ಮಾತು ಬೇರೆ, ಅದನ್ನು ಮುಟ್ಟಬೇಡಿ. ಕಿಡ್ನಿ ಕಲ್ಲು ಆಗಿದ್ದವರು ಕ್ಯಾಲ್ಸಿಯಂ ಮಾತ್ರೆಗೆ ಮುಂಚೆ ಹೇಳಿಕೊಳ್ಳಬೇಕು. ಹೃದಯದ ಮಾತ್ರೆ ಡಿಗಾಕ್ಸಿನ್ ನುಂಗುವವರಿಗೆ ರಕ್ತದ ಕ್ಯಾಲ್ಸಿಯಂ ಮಿತಿಮೀರಿದರೆ ಹೃದಯದ ಬಡಿತ ತಪ್ಪುವ ಅಪಾಯವಿದೆ.

"ವಿಟಮಿನ್ ಕೆ2 ಇದ್ದರೆ ಕ್ಯಾಲ್ಸಿಯಂ ರಕ್ತನಾಳ ಬಿಟ್ಟು ಮೂಳೆಗೆ ಹೋಗುತ್ತದೆ" ಎಂಬ ಜಾಹೀರಾತು ಈಗ ಜೋರು. ಕೇಳಲು ಚೆನ್ನಾಗಿದೆ. ಡೆನ್ಮಾರ್ಕಿನಲ್ಲಿ ಎರಡು ವರ್ಷ ಗಂಡಸರಿಗೆ ದೊಡ್ಡ ಪ್ರಮಾಣದ ಕೆ2 ಮತ್ತು ಡಿ ಕೊಟ್ಟು ನೋಡಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೃದಯದ ಕವಾಟದ ಕ್ಯಾಲ್ಸಿಯಂ ಬೆಳೆಯುವುದು ನಿಧಾನವಾಗಲಿಲ್ಲ. ರಕ್ತ ತೆಳುಮಾಡುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ನುಂಗುವವರು ಕೆ2 ಮಾತ್ರೆಯನ್ನು ಹತ್ತಿರವೂ ಸೇರಿಸಬಾರದು. ಅವರು ಸೊಪ್ಪನ್ನು ಬಿಡಬೇಕಿಲ್ಲ. ವಾರದಿಂದ ವಾರಕ್ಕೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು.

ವಿಟಮಿನ್ ಡಿ ಸ್ಯಾಶೆ

60,000 ಯೂನಿಟ್‌ನ ಸ್ಯಾಶೆ ಅಥವಾ ಕ್ಯಾಪ್ಸೂಲು ವಾರಕ್ಕೊಂದು, ಸಾಮಾನ್ಯವಾಗಿ 8 ವಾರ. ನಡೆಯುವ ತಪ್ಪು ಒಂದೇ, ಆದರೆ ದೊಡ್ಡದು: ದಿನಕ್ಕೊಂದು ಎಂದು ತಿಳಿದು ತಿಂಗಳುಗಟ್ಟಲೆ ನುಂಗುವುದು, ಇಲ್ಲವೇ 8 ವಾರದ ಚೀಟಿಯನ್ನು ಎರಡು ವರ್ಷ ತೋರಿಸುವುದು. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು ಬರುತ್ತದೆ. ಕಿಡ್ನಿ ಕೆಡುತ್ತದೆ, ಹೃದಯದ ಬಡಿತವೂ ತಪ್ಪುತ್ತದೆ. ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಗಳಿಗೆ ಸುತ್ತು ಹಾಕಿ, ಒಂಬತ್ತನೆಯದರ ಮೇಲೆ "ಡಾಕ್ಟರನ್ನು ಕೇಳು" ಎಂದು ಬರೆಯಿರಿ. ವರ್ಷಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಭಾರೀ ಡೋಸಿಗೂ ಒಪ್ಪಬೇಡಿ. ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಬಾಯಲ್ಲಿ ಕೊಟ್ಟ ಪ್ರಯೋಗವೊಂದರಲ್ಲಿ ಬೀಳುವುದೂ ಮುರಿತವೂ ಹೆಚ್ಚಾದವು. ಕೊರತೆಯೇ ಇಲ್ಲದವರು ನುಂಗಿದರೆ ಹೃದಯಕ್ಕೂ ಲಾಭವಿಲ್ಲ, ಮೂಳೆಗೂ ಇಲ್ಲ.

ಬಿಸಿಲು ಬೇಕೆಂದರೆ ನಿಮ್ಮ ನೆರಳು ನಿಮಗಿಂತ ಗಿಡ್ಡವಿರುವ ಹೊತ್ತಿನದು, ಹನ್ನೊಂದರಿಂದ ಎರಡರೊಳಗೆ. ಬೆಳಗಿನ ಏಳು ಗಂಟೆಯ ಎಳೆಬಿಸಿಲು ಹಿತ, ಡಿ ಕೊಡುವುದು ಅತ್ಯಲ್ಪ. ಬಾಲ್ಕನಿಯ ಗಾಜು ಮುಚ್ಚಿ ಕೂತರೆ ಏನೂ ಬರುವುದಿಲ್ಲ.

ಉಪ್ಪು

ಬಿಪಿಗೆ ಉಪ್ಪು ಕಡಿಮೆ ಮಾಡಿ ಎಂದರೆ ಮುಖ ಸಿಂಡರಿಸುವವರಿಗೆ ಮೂಳೆಯ ಲೆಕ್ಕ ತೋರಿಸಿ. ಸುಮಾರು 6 ಗ್ರಾಂ ಉಪ್ಪಿನ ಸೋಡಿಯಂ ಹೊರಹೋಗುವಾಗ ಮೂತ್ರದಲ್ಲಿ 40 ಮಿಗ್ರಾಂ ಕ್ಯಾಲ್ಸಿಯಮ್ಮನ್ನು ಎಳೆದುಕೊಂಡು ಹೋಗುತ್ತದೆ. ತಿಂದ ಕ್ಯಾಲ್ಸಿಯಮ್ಮಿನಲ್ಲಿ ಮೈಗೆ ದಕ್ಕುವುದು ಮೂರರಲ್ಲೊಂದು ಪಾಲು ಎಂದಿಟ್ಟುಕೊಂಡರೆ, ಒಂದು ಸಣ್ಣ ಲೋಟ ಹಾಲು ಕುಡಿದು ಚೆಲ್ಲಿದ ಹಾಗಾಯಿತು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಮಟ್ಟಸ ಒಂದು ಟೀ ಚಮಚ, ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬನ್ನು ಎಲ್ಲ ಸೇರಬೇಕು. ಮಜ್ಜಿಗೆಗೆ ಹಾಕುವ ಉಪ್ಪು ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟಾನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ನುಂಗುವವರು ಕೇಳದೆ ಬಳಸಬಾರದು.

ಮಾತ್ರೆ ಡಬ್ಬಿ: ಯಾವುದು ಯಾವುದಕ್ಕೆ ತಾಗುತ್ತದೆ

ಹೃದಯದ ಕಡೆಯಿಂದ ಶುರುಮಾಡಿ. ಕಾಲಿನ ನೀರಿಳಿಸುವ ಫ್ಯೂರೊಸೆಮೈಡ್, ಟಾರ್ಸೆಮೈಡ್ ಮೂತ್ರದಲ್ಲಿ ಕ್ಯಾಲ್ಸಿಯಮ್ಮನ್ನು ಕಳೆಯುತ್ತವೆ. ಬಿಪಿಗೆ ಕೊಡುವ ಕ್ಲೋರ್ಥಾಲಿಡೋನ್, ಹೈಡ್ರೊಕ್ಲೋರೊಥಯಾಜೈಡ್ ಅದನ್ನು ಉಳಿಸುತ್ತವೆ. ಅಮೆರಿಕದ ದೊಡ್ಡ ಬಿಪಿ ಪ್ರಯೋಗವೊಂದರಲ್ಲಿ ಕ್ಲೋರ್ಥಾಲಿಡೋನ್ ಪಡೆದವರಲ್ಲಿ ತೊಡೆಸಂಧಿ ಮುರಿತ ಕಡಿಮೆಯಿತ್ತು. ಆದರೆ ಇವುಗಳಿಂದ ವಯಸ್ಸಾದವರಲ್ಲಿ ಸೋಡಿಯಂ ಕುಸಿದು ತಲೆ ತಿರುಗಬಹುದು. ಇವುಗಳ ಜೊತೆ ಕ್ಯಾಲ್ಸಿಯಂ, ಡಿ ಎರಡನ್ನೂ ಸುರಿದರೆ ರಕ್ತದ ಕ್ಯಾಲ್ಸಿಯಂ ಅತಿಯಾಗಬಹುದು. ಶುಗರಿನ ಪಯೊಗ್ಲಿಟಜೋನ್ ವಿಶೇಷವಾಗಿ ಕೇಳಬೇಕಾದ ಮಾತ್ರೆ: ಹೃದಯ ವೈಫಲ್ಯವನ್ನೂ ಹೆಂಗಸರಲ್ಲಿ ಮೂಳೆ ಮುರಿತವನ್ನೂ ಹೆಚ್ಚಿಸುತ್ತದೆ.

ಥೈರಾಯ್ಡ್ ಮಾತ್ರೆಯ ಡೋಸು ಹೆಚ್ಚಾಗಿ ಟಿಎಸ್‌ಎಚ್ 0.1ಕ್ಕಿಂತ ಕೆಳಗಿಳಿದಿದ್ದರೆ ಎರಡು ಕಡೆ ಪೆಟ್ಟು, ಮೂಳೆ ಸವೆಯುತ್ತದೆ ಮತ್ತು ಹೃದಯ ಬಡಿತ ಅಡ್ಡಾದಿಡ್ಡಿಯಾಗುವ ಏಟ್ರಿಯಲ್ ಫಿಬ್ರಿಲೇಷನ್ನಿಗೆ ಜಾರುತ್ತದೆ. ತೂಕ ಇಳಿದರೂ ಹಳೆಯ ಡೋಸಿನಲ್ಲೇ ಮುಂದುವರಿದವರಲ್ಲಿ ಹೀಗಾಗುತ್ತದೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಮ್ಮಿಗೂ 4 ಗಂಟೆ ಅಂತರವಿರಲಿ. ಬೆಳಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ, ಆರೂಮುಕ್ಕಾಲಿಗೆ ಕಾಫಿ, ಮಧ್ಯಾಹ್ನದ ಊಟಕ್ಕೆ ಕ್ಯಾಲ್ಸಿಯಂ. ಕಬ್ಬಿಣದ ಮಾತ್ರೆಯಿದ್ದರೆ ಅದನ್ನು ಕ್ಯಾಲ್ಸಿಯಂ ಇಲ್ಲದ ಹೊತ್ತಿಗೆ ಇಡಿ.

ಇನ್ನು ಮೂಳೆಯ ಔಷಧಗಳು. ಅಲೆಂಡ್ರೊನೇಟ್ 70 ಮಿಗ್ರಾಂ ವಾರಕ್ಕೊಮ್ಮೆ, ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರಿಯ ನೀರಿನಲ್ಲಿ. ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯಿಲ್ಲ. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಕೂತು ಹುಣ್ಣು ಮಾಡುತ್ತದೆ, ಆ ಎದೆಯುರಿಯನ್ನು ಹೃದಯದ್ದೆಂದು ತಿಳಿದು ಎಮರ್ಜೆನ್ಸಿಗೆ ಓಡುವವರೂ ಇದ್ದಾರೆ. ಥೈರಾಯ್ಡ್ ಮಾತ್ರೆಯೂ ಇರುವವರು ಆ ದಿನ ಮೊದಲು ಅಲೆಂಡ್ರೊನೇಟ್, ಅರ್ಧ ಗಂಟೆ ಬಿಟ್ಟು ಥೈರಾಯ್ಡ್, ಮತ್ತರ್ಧ ಗಂಟೆ ಬಿಟ್ಟು ಕಾಫಿ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ 5 ಮಿಗ್ರಾಂಗೆ ಕಿಡ್ನಿ ಸರಿಯಿರಬೇಕು. ಕಿಡ್ನಿ ಎಷ್ಟು ಸೋಸುತ್ತದೆಂದು ಹೇಳುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕೆಳಗಿದ್ದರೆ ಕೊಡುವುದಿಲ್ಲ. 2007ರ ಪ್ರಯೋಗದಲ್ಲಿ ಗಂಭೀರ ಏಟ್ರಿಯಲ್ ಫಿಬ್ರಿಲೇಷನ್ ಶೇ. 1.3 ಜನರಲ್ಲಿ, ಔಷಧವಿಲ್ಲದವರಲ್ಲಿ ಶೇ. 0.5ರಲ್ಲಿ ಕಂಡಿತ್ತು. ಮುಂದಿನ ಅಧ್ಯಯನಗಳು ಅದನ್ನು ಒಂದೇ ಬಾಯಿಯಲ್ಲಿ ಒಪ್ಪಿಲ್ಲ. ಬಡಿತದ ತೊಂದರೆ ಇದ್ದವರು ಹೇಳಿಕೊಂಡರೆ ಸಾಕು.

ರೋಮೋಸೋಜುಮ್ಯಾಬ್ ಮೂಳೆ ಕಟ್ಟುವ ಗಟ್ಟಿ ಔಷಧ. ಆದರೆ ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಕೊಡಬಾರದು ಎಂಬ ಎಚ್ಚರಿಕೆಯೊಂದಿಗೇ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಹಾಳೆಯಲ್ಲಿ ತಿಂಗಳು ಬರೆಯಿರಿ ಎಂದದ್ದು ಇದಕ್ಕೇ. ರಲೊಕ್ಸಿಫೀನ್ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿಸಬಹುದು. ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್‌ನ ಮೊದಲ ಕೆಲವು ಡೋಸುಗಳಿಗೆ ಬಿಪಿ ಇಳಿದು ತಲೆ ಸುತ್ತಬಹುದು, ಮಂಚದ ಮೇಲೆ ಕೂತೇ ಚುಚ್ಚಿಕೊಳ್ಳಿ. ಹಳೆಯ ಚೀಟಿಯಲ್ಲಿ ಸ್ಟ್ರಾನ್ಷಿಯಂ ರಾನಲೇಟ್ ಕಂಡರೆ ಡಾಕ್ಟರಿಗೆ ತೋರಿಸಿ. ಹೃದಯದ ಅಪಾಯಕ್ಕಾಗಿ 2014ರಲ್ಲಿ ಯುರೋಪು ಅದಕ್ಕೆ ಕಡಿವಾಣ ಹಾಕಿತು.

ಡೆನೊಸುಮ್ಯಾಬ್ ಚುಚ್ಚುಮದ್ದು 60 ಮಿಗ್ರಾಂ ಆರು ತಿಂಗಳಿಗೊಮ್ಮೆ. "ಮುಂದಿನ ತಿಂಗಳು ಊರಿಂದ ಬಂದಮೇಲೆ ಹಾಕಿಸಿಕೊಳ್ಳೋಣ" ಎನ್ನುವಂಥದ್ದಲ್ಲ ಇದು. ತಡವಾದರೆ ಹಿಡಿದಿಟ್ಟ ಸವೆತ ಒಮ್ಮೆಲೇ ಬಿಚ್ಚಿಕೊಂಡು, ಬೆನ್ನಿನ ಬಿಲ್ಲೆಗಳು ಒಂದರ ಹಿಂದೊಂದು ಕುಸಿದದ್ದಿದೆ. ನಿಲ್ಲಿಸುವುದಾದರೆ ಬದಲಿಗೆ ಬೇರೆ ಔಷಧ ಶುರುವಾಗಬೇಕು. ಡಯಾಲಿಸಿಸ್‌ನಲ್ಲಿ ಇರುವವರಿಗೆ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ವಾಕಿಂಗ್ ಸಾಲದು

ಲಾಲ್‌ಬಾಗಿನಲ್ಲಿ ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಹೃದಯಕ್ಕೆ ಬೇಕಾದದ್ದು ಸಿಗುತ್ತದೆ. ಬೆನ್ನಿನ ಮೂಳೆಗೆ ಅದು ಸಾಲದು, ಈಜು ಸೈಕಲ್ಲುಗಳು ಇನ್ನೂ ಸಾಲದು. ಮೂಳೆಗೆ ಭಾರ ಬೇಕು. ಮೂಳೆ ಸವೆದ ಹೆಂಗಸರಿಗೆ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ತರಬೇತುದಾರರ ಕಣ್ಣೆದುರು ನಿಜವಾದ ಭಾರ ಎತ್ತಿಸಿದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ (2018) ಬೆನ್ನಿನ ಮೂಳೆಯ ಸಾಂದ್ರತೆ ಏರಿತು. ಮನೆಯಲ್ಲಿ ಶುರುಮಾಡುವುದಾದರೆ ಕೈಯೂರದೆ ಕುರ್ಚಿಯಿಂದ ಏಳುವುದು, 10 ಸಲ. ಸಲೀಸಾದ ಮೇಲೆ ಎದೆಗೆ 2 ಕೆ.ಜಿ. ಅಕ್ಕಿ ಚೀಲ ಅವುಚಿಕೊಂಡು, ಆಮೇಲೆ 5. ಅಡಿಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಧಪ್ಪೆಂದು ಇಳಿಸುವುದು, 20 ಸಲ. ಬೆನ್ನಿನ ಬಿಲ್ಲೆ ಕುಸಿದವರು ಮೆಲ್ಲಗೆ ಇಳಿಸಲಿ. ಎತ್ತುವಾಗ ಉಸಿರು ಬಿಗಿಹಿಡಿದರೆ ಬಿಪಿ ಚಿಮ್ಮುತ್ತದೆ, ಒಂದು ಎರಡು ಎಂದು ಜೋರಾಗಿ ಎಣಿಸಿ, ಉಸಿರು ತಾನೇ ಹೊರಬರುತ್ತದೆ. ಬಿಪಿ 180/110ರ ಮೇಲಿದ್ದರೆ ಆ ದಿನ ಬೇಡ. ಇತ್ತೀಚೆಗೆ ಸ್ಟೆಂಟ್ ಆದವರು, ನಡೆದರೆ ಎದೆ ಹಿಡಿಯುವವರು ಅನುಮತಿ ಪಡೆದೇ ಶುರುಮಾಡಲಿ.

ಯೋಗ ತರಗತಿಯಲ್ಲಿ ಮುಂದಕ್ಕೆ ಬಗ್ಗಿ ಮೂಗನ್ನು ಮಂಡಿಗೆ ತಾಗಿಸುವ ಪಶ್ಚಿಮೋತ್ತಾನಾಸನ, ಹಲಾಸನ, ಸರ್ವಾಂಗಾಸನ ಸವೆದ ಬೆನ್ನಿಗೆ ಬೇಡವೇ ಬೇಡ. ಬಗ್ಗಿದಾಗ ಬಿಲ್ಲೆಯ ಮುಂದಿನ ಅಂಚಿಗೇ ಒತ್ತಡ ಬೀಳುತ್ತದೆ. ಸೇತುಬಂಧಾಸನ, ಹದವಾದ ಭುಜಂಗಾಸನ, ಗೋಡೆಯ ಪಕ್ಕ ವೃಕ್ಷಾಸನ ಒಳ್ಳೆಯವು. ನೆಲದ ಬಕೆಟ್ಟು ಎತ್ತುವಾಗಲೂ ಇದೇ ನಿಯಮ, ಮಂಡಿ ಮಡಚಿ, ಬೆನ್ನು ನೇರ.

ಬೀಳದಿರುವುದು

ಬಿಪಿ ಮಾತ್ರೆ ನುಂಗುವವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಐದು ನಿಮಿಷ ಮಲಗಿ ಬಿಪಿ ನೋಡಿ. ಎದ್ದು ನಿಂತು ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ಒಬ್ಬರಿರಲಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗ ಮೆದುಳಿಗೆ ರಕ್ತ ಸಾಲುತ್ತಿಲ್ಲ. ಅಂಕಿಗಳನ್ನು ಹಾಳೆಯಲ್ಲಿ ಬರೆದು ತೋರಿಸಿ. ಪ್ರೊಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್, ಬಿಪಿಯ ಪ್ರಜೋಸಿನ್, ನಿದ್ದೆ ಮಾತ್ರೆ ಇವುಗಳ ಮೇಲೆ ಮೊದಲ ಅನುಮಾನ. ನೀರಿಳಿಸುವ ಮಾತ್ರೆಯನ್ನು ಸಂಜೆ ನುಂಗಿದರೆ ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಬಚ್ಚಲಿಗೆ ಓಡಬೇಕಾಗುತ್ತದೆ, ಎಷ್ಟೋ ತೊಡೆಸಂಧಿಗಳು ಮುರಿಯುವುದು ಆ ಹತ್ತು ಹೆಜ್ಜೆಯಲ್ಲೇ. ಬೆಳಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಬಚ್ಚಲಿಗೆ ಹಿಡಿಕೆ ಹಾಕಿಸಿ. ಟವೆಲ್ ರಾಡು ಹಿಡಿಕೆಯಲ್ಲ, ಭಾರ ಬಿಟ್ಟರೆ ಕಿತ್ತು ಬರುತ್ತದೆ. ಹಿಮ್ಮಡಿ ಸವೆದು ನುಣುಪಾದ ಹವಾಯಿ ಚಪ್ಪಲಿ ಎಸೆಯಿರಿ. ಬಸ್ಸು ಪೂರ್ತಿ ನಿಲ್ಲುವ ತನಕ ಸೀಟು ಬಿಟ್ಟು ಏಳಬೇಡಿ. ಮಳೆ ನಿಂತ ಮೇಲೆ ಅಲ್ಲಾಡುವ ಫುಟ್‌ಪಾತ್ ಚಪ್ಪಡಿಗಿಂತ ರಸ್ತೆಯ ಅಂಚೇ ವಾಸಿ ಎನಿಸುವುದು ಈ ಊರಿನ ಹಣೆಬರಹ. ಆಗ ವಾಹನಗಳಿಗೆ ಎದುರಾಗಿ ನಡೆಯಿರಿ.

ಬಿದ್ದವರ ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆಸಂಧಿ ಮುರಿದಿದೆ ಎಂದೇ ತಿಳಿಯಿರಿ. ಎಬ್ಬಿಸಿ ನಡೆಸಿ ನೋಡಬೇಡಿ, ಎಣ್ಣೆ ಹಚ್ಚಿ ನೀವಬೇಡಿ, ಊಟ ಕಾಫಿ ಕೊಡಬೇಡಿ. 108ಕ್ಕೆ ಫೋನ್ ಮಾಡಿ. ಎದೆ ಹಿಸುಕಿದಂತಾಗಿ, ತಣ್ಣನೆ ಬೆವರಿ, ಆಮೇಲೆ ಬಿದ್ದರೇ ಎಂಬುದನ್ನು ನೆನಪಿಟ್ಟು ಮೊದಲು ಅದನ್ನೇ ಹೇಳಿ, ಇಸಿಜಿ ಆಗಬೇಕು. ಆಪರೇಷನ್ ಎರಡು ದಿನದೊಳಗೆ ಆದಷ್ಟೂ ಒಳ್ಳೆಯದು, ಮಲಗಿದ ಒಂದೊಂದು ದಿನವೂ ಶ್ವಾಸಕೋಶಕ್ಕೂ ಹೃದಯಕ್ಕೂ ಭಾರ. ಅದು ತಡವಾಗುವ ಮಾಮೂಲು ಕಾರಣವೊಂದಿದೆ: ರಕ್ತ ತೆಳುಮಾಡುವ ಮಾತ್ರೆ ಯಾವುದು, ಕೊನೆಯದಾಗಿ ನುಂಗಿದ್ದು ಯಾವಾಗ ಎಂದು ಜೊತೆಗೆ ಬಂದವರಿಗೆ ಗೊತ್ತಿರುವುದಿಲ್ಲ. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಒಂದು ಫೋಟೊ ಮಕ್ಕಳ ಮೊಬೈಲಿನಲ್ಲಿರಲಿ. ಆಂಬುಲೆನ್ಸ್ ಹತ್ತುವ ಮುಂಚೆ ಅದರ ಮೂಲೆಯಲ್ಲಿ ಕೊನೆಯ ಡೋಸಿನ ಗಂಟೆಯನ್ನು ಬರೆದುಕೊಳ್ಳಿ.